10 ಸೆಕೆಂಡಿನ ಇಸಿಜಿ ನಾರ್ಮಲ್ ಬಂದ್ರೆ ಹೃದಯ ನಾರ್ಮಲ್ಲಾ? ಲಕ್ವದ ನಂತರ ಹೋಲ್ಟರ್, ಪ್ಯಾಚ್, ಲೂಪ್ ರೆಕಾರ್ಡರ್

ನಮಸ್ಕಾರ. ಡೊಂಬಿವಲಿಯ ವೀಕ್ಷಕರೊಬ್ಬರು ಕಳಿಸಿದ ಪ್ರಶ್ನೆ ಇವತ್ತಿನದು. ಅವರ ಮಾವನಿಗೆ 68 ವರ್ಷ. ಲಕ್ವ ಹೊಡೆದಿತ್ತು, ಬಲಗೈ ಈಗ ಸುಧಾರಿಸ್ತಾ ಇದೆ. ಎಂಆರ್‌ಐ, ಕತ್ತಿನ ಡಾಪ್ಲರ್ (ರಕ್ತನಾಳದ ಸ್ಕ್ಯಾನ್), ಎಕೋ (ಹೃದಯದ ಸ್ಕ್ಯಾನ್), ಇಸಿಜಿ, 24 ಗಂಟೆಯ ಹೋಲ್ಟರ್ (ಮೈಗೆ ಕಟ್ಟಿಕೊಂಡು ಓಡಾಡೋ ಇಸಿಜಿ ಯಂತ್ರ) ಎಲ್ಲಾ ಆಗಿದೆ. ಕಾರಣ ಮಾತ್ರ ಸಿಕ್ಕಿಲ್ಲ. ಈಗ ನ್ಯೂರಾಲಜಿ ಡಾಕ್ಟ್ರು 14 ದಿನ ಎದೆಗೆ ಪ್ಯಾಚ್ (ಬಡಿತ ದಾಖಲಿಸೋ ಅಂಟುಪಟ್ಟಿ) ಹಾಕೋಣ ಅಂತಿದ್ದಾರೆ, ಅದರಲ್ಲೂ ಏನೂ ಸಿಗದಿದ್ರೆ ಚರ್ಮದಡಿ ಲೂಪ್ ರೆಕಾರ್ಡರ್, ಅಂದ್ರೆ ವರ್ಷಗಟ್ಟಲೆ ಬಡಿತ ದಾಖಲಿಸೋ ಪುಟ್ಟ ಯಂತ್ರ. ಮನೆಯವರ ಪ್ರಶ್ನೆ: "ಪೆಟ್ಟು ಬಿದ್ದಿದ್ದು ಮೆದುಳಿಗೆ. ಎದೆಯಲ್ಲಿ ಇನ್ನೂ ಏನು ಹುಡುಕ್ತಾರೆ? ಒಂದು ಸಲ ನಾರ್ಮಲ್ ಅಂತ ಬಂತಲ್ಲ?"

ಕೇಳಲೇಬೇಕಾದ ಪ್ರಶ್ನೆ ಇದು. ಖರ್ಚೂ ಇದೆ, ಹೆದರಿಕೆನೂ ಇದೆ.

ಮೂಲ ವಿಷಯ ಬೇಗ ಮುಗಿಸ್ತೀನಿ. ಲಕ್ವ ಎರಡು ಬಗೆ: ರಕ್ತನಾಳ ಒಡೆಯೋದು, ರಕ್ತನಾಳ ಮುಚ್ಚಿಹೋಗೋದು. 2005 ಮತ್ತು 2006ರಲ್ಲಿ ಮುಂಬೈನ ಎಚ್ ವಾರ್ಡಿನಲ್ಲಿ ಒಂದು ಸ್ಟ್ರೋಕ್ ದಾಖಲಾತಿ ನಡೆಯಿತು. 1,56,861 ಜನರ ಆ ಗುಂಪಿನಲ್ಲಿ ಎರಡು ವರ್ಷಕ್ಕೆ 456 ಮಂದಿಗೆ ಮೊದಲ ಸಲ ಲಕ್ವ ಹೊಡೆಯಿತು. ಅವರಲ್ಲಿ 366 ಮಂದಿಗೆ, ಅಂದ್ರೆ 100ಕ್ಕೆ 80 ಮಂದಿಗೆ, ರಕ್ತನಾಳ ಮುಚ್ಚಿತ್ತು. ಮುಚ್ಚೋದು ಹೆಪ್ಪುಗಟ್ಟಿದ ರಕ್ತ. ಆ ಹೆಪ್ಪು ಎಲ್ಲಿಂದ ಬಂತು ಅನ್ನೋದೇ ಇಡೀ ತನಿಖೆ. ಕತ್ತಿನ ನಾಳದಿಂದ ಬರಬಹುದು, ಮೆದುಳಿನ ಸಣ್ಣ ನಾಳದಲ್ಲೇ ಹುಟ್ಟಿರಬಹುದು, ಹೃದಯದಿಂದ ಹಾರಿ ಬಂದಿರಬಹುದು. ಇಂಥ ಲಕ್ವಗಳಲ್ಲಿ ಸುಮಾರು ಕಾಲು ಭಾಗಕ್ಕೆ ಮೊದಲ ಸುತ್ತಿನ ಪರೀಕ್ಷೆಯಲ್ಲಿ ಮೂಲ ಸಿಗೋದಿಲ್ಲ. ಡೊಂಬಿವಲಿಯ ಮಾವನೂ ಈ ಗುಂಪಿನವರೇ.

ಇಲ್ಲಿ ಮೊದಲ ಅನುಮಾನ ಏಟ್ರಿಯಲ್ ಫಿಬ್ರಿಲೇಶನ್ ಮೇಲೆ, ಅಂದ್ರೆ ಹೃದಯದ ಬಡಿತ ಲಯ ತಪ್ಪೋ ಕಾಯಿಲೆ. ಚಿಕ್ಕದಾಗಿ ಎಎಫ್ ಅನ್ನೋಣ.

(ಪರದೆಯಲ್ಲಿ: ದಾದರ್ ಸ್ಟೇಷನ್ನಿನ ಪಾದಚಾರಿ ಸೇತುವೆ, ಸಂಜೆ 6.30)

ದಾದರ್ ಸೇತುವೆ ನೆನಪಿಸಿಕೊಳ್ಳಿ. ಹೃದಯದ ಮೇಲಿನ ಕೋಣೆಗಳಿಗೆ ಸಾಮಾನ್ಯವಾಗಿ ಒಂದೇ ಜಾಗದಿಂದ ಆಜ್ಞೆ ಬರುತ್ತೆ, ನಿಮಿಷಕ್ಕೆ 70ರಷ್ಟು. ಎಎಫ್ ಶುರುವಾದಾಗ ಮೇಲಿನ ಕೋಣೆಯಲ್ಲಿ ನಿಮಿಷಕ್ಕೆ 350ರಿಂದ 600 ವಿದ್ಯುತ್ ಸಂಕೇತಗಳು ಒಂದೇ ಸಲ ನುಗ್ಗುತ್ತವೆ. ಕೆಳಗಿನ ಕೋಣೆಗೆ ಇಳಿಯೋಕೆ ಇರೋದು ಎವಿ ನೋಡ್ ಅನ್ನೋ ಒಂದೇ ಕಿರಿದಾದ ಮೆಟ್ಟಿಲು. ನೂಕುನುಗ್ಗಲಲ್ಲಿ ಒಮ್ಮೆ ಇಬ್ಬರು ಬೆನ್ನಿಗೆ ಬೆನ್ನು ಇಳಿತಾರೆ, ಆಮೇಲೆ ಒಂದು ಕ್ಷಣ ಯಾರೂ ಇಳಿಯಲ್ಲ, ಮತ್ತೆ ಒಬ್ಬರು. ಹಾಗಾಗಿಯೇ ನಾಡಿ ಲಯವೇ ಇಲ್ಲದೆ ಬಡಿಯುತ್ತೆ. ಮೇಲಿನ ಕೋಣೆ ಹಿಂಡೋದನ್ನು ಬಿಟ್ಟು ನಡುಗ್ತಾ ಇರುತ್ತೆ. ಅದರ ಎಡಬದಿಗೆ ಕಿವಿಯಾಕಾರದ ಚಿಕ್ಕ ಚೀಲವಿದೆ. ರಕ್ತ ಅಲ್ಲಿ ನಿಲ್ಲುತ್ತೆ, ನಿಂತದ್ದು ಹೆಪ್ಪಾಗುತ್ತೆ. ಹೆಪ್ಪು ಕಿತ್ತುಕೊಂಡು ಹೊರಟರೆ ಮೆದುಳಿಗೆ ನೇರ ದಾರಿ.

ಎಎಫ್ ಇದ್ದವರಿಗೆ ಲಕ್ವದ ಅಪಾಯ ಸುಮಾರು ಐದು ಪಟ್ಟು.

ತೊಂದರೆ ಏನಂದ್ರೆ, ಅದು ಬರುತ್ತೆ, ಹೋಗುತ್ತೆ. ಎಷ್ಟೋ ಜನಕ್ಕೆ ಗೊತ್ತೇ ಆಗಲ್ಲ, ಎದೆಬಡಿತವೂ ಇಲ್ಲ, ಸುಸ್ತೂ ಇಲ್ಲ. ಮಾಮೂಲಿ ಇಸಿಜಿ ನೋಡೋದು 10 ಸೆಕೆಂಡ್. ಒಂದು ದಿನದಲ್ಲಿ ಅಂಥ 8,640 ತುಂಡುಗಳಿವೆ, ನೀವು ಒಂದನ್ನು ನೋಡಿದ್ದೀರಿ. ಡೊಂಬಿವಲಿ ಪ್ಲಾಟ್‌ಫಾರ್ಮಿನಲ್ಲಿ 10 ಸೆಕೆಂಡ್ ನಿಂತು "ಸೆಂಟ್ರಲ್ ಲೈನಿನಲ್ಲಿ ಟಿಸಿನೇ ಇಲ್ಲ" ಅಂತ ಯಾರಾದ್ರೂ ಹೇಳಿದ್ರೆ ಒಪ್ಪುತ್ತೀರಾ? ಹೋಲ್ಟರ್ ಅಂದ್ರೆ ಇಡೀ ಒಂದು ದಿನ ನಿಂತು ನೋಡೋದು. ಅದು ಒಳ್ಳೇದೇ, ಆದ್ರೆ ವರ್ಷದಲ್ಲಿ 365 ದಿನ ಇದೆ.

ಇದನ್ನು ಅಳೆದು ನೋಡಿದ ಎರಡು ಅಧ್ಯಯನಗಳು 2014ರಲ್ಲಿ ಬಂದವು. ಕೆನಡಾದ ಎಂಬ್ರೇಸ್‌ನಲ್ಲಿ ಮೂಲ ಸಿಗದ 572 ರೋಗಿಗಳು. ಅರ್ಧ ಜನಕ್ಕೆ ಮತ್ತೊಂದು 24 ಗಂಟೆಯ ಹೋಲ್ಟರ್, ಉಳಿದರ್ಧಕ್ಕೆ 30 ದಿನ ಎದೆಗೆ ಕಟ್ಟೋ ರೆಕಾರ್ಡರ್. ಹೋಲ್ಟರ್‌ನಲ್ಲಿ 3.2% ಮಂದಿಯಲ್ಲಿ ಎಎಫ್ ಸಿಕ್ಕಿತು, 30 ದಿನದ್ದರಲ್ಲಿ 16.1%. ಕ್ರಿಸ್ಟಲ್ ಎಎಫ್ ಅನ್ನೋ ಇನ್ನೊಂದರಲ್ಲಿ 441 ರೋಗಿಗಳು, ಒಂದು ಗುಂಪಿಗೆ ಚರ್ಮದಡಿಯ ರೆಕಾರ್ಡರ್. ಆರು ತಿಂಗಳಿಗೆ ಎಎಫ್ ಸಿಕ್ಕಿದ್ದು ರೆಕಾರ್ಡರ್ ಗುಂಪಿನಲ್ಲಿ 8.9%, ಮಾಮೂಲಿ ತಪಾಸಣೆಯ ಗುಂಪಿನಲ್ಲಿ 1.4%. ಮೂರು ವರ್ಷಕ್ಕೆ 30% ಮತ್ತು 3%. ನನ್ನ ಕಣ್ಣು ನಿಲ್ಲೋದು ಇನ್ನೊಂದು ಸಂಖ್ಯೆಯ ಮೇಲೆ. ರೆಕಾರ್ಡರ್ ಹಾಕಿಸಿಕೊಂಡು ಮೊದಲ ವರ್ಷದಲ್ಲಿ ಎಎಫ್ ಸಿಕ್ಕವರಲ್ಲಿ ಅರ್ಧ ಜನಕ್ಕೆ ಅದು ಕಾಣಿಸಿಕೊಂಡಿದ್ದು 84 ದಿನ ಕಳೆದ ಮೇಲೆ. 14 ದಿನದ ಪ್ಯಾಚ್ ಹಾಕಿದ್ರೂ ಅವರು ತಪ್ಪಿಸಿಕೊಳ್ತಿದ್ರು.

ಸಿಕ್ಕಿದ್ರೆ ಬದಲಾಗೋದೇನು? ಔಷಧಿ. ಮೂಲ ಸಿಗದಾಗ ಸಾಮಾನ್ಯವಾಗಿ ಆಸ್ಪಿರಿನ್ ಥರದ್ದು ಕೊಡ್ತಾರೆ. ಎಎಫ್‌ಗೆ ಅದು ಸಾಲದು. 2011ರ ಅವೆರೋಸ್ ಅಧ್ಯಯನದಲ್ಲಿ ಎಎಫ್ ಇದ್ದವರಿಗೆ ಆಸ್ಪಿರಿನ್ ಮೇಲೆ ವರ್ಷಕ್ಕೆ 3.7% ಲಕ್ವ ಅಥವಾ ಬೇರೆಡೆ ಹೆಪ್ಪು, ರಕ್ತ ತೆಳುವಾಗಿಸೋ ಅಪಿಕ್ಸಬಾನ್ ಮಾತ್ರೆ ಮೇಲೆ 1.6%. ಹುಡುಕಾಟದ ಅರ್ಥ ಇಷ್ಟೇ.

(ಪರದೆಯಲ್ಲಿ: ಎರಡು ಇಸಿಜಿ ಪಟ್ಟಿಗಳು, ನೋಡೋಕೆ ಒಂದೇ ಥರ)

ಈಗ ನನಗೆ ತುಂಬಾ ಇಷ್ಟದ ಭಾಗ. ಇಲ್ಲಿ ಸ್ವಲ್ಪ ನಿಲ್ಲೋಣ. ಎಡಗಡೆ ಪಟ್ಟಿ ಏಟ್ರಿಯಲ್ ಫ್ಲಟರ್, ಎಎಫ್‌ನ ಹತ್ತಿರದ ಸಂಬಂಧಿ. ಬಲಗಡೆ ಪಟ್ಟಿಯ ರೋಗಿಯ ಹೃದಯ ಪೂರ್ತಿ ಸರಿ ಇದೆ, ಅವರಿಗಿರೋದು ಪಾರ್ಕಿನ್ಸನ್. ಅಂದ್ರೆ ಮೆದುಳಿನ ಕಾಯಿಲೆ ಹೃದಯದ ಕಾಗದದ ಮೇಲೆ ಸಹಿ ಹಾಕಿದೆ.

ಹೇಗೆ? ಪಾರ್ಕಿನ್ಸನ್‌ನಲ್ಲಿ ಕೈ ಸೆಕೆಂಡಿಗೆ 4ರಿಂದ 6 ಸಲ ನಡುಗುತ್ತೆ. ಐದು ಅಂತಿಟ್ಟುಕೊಂಡು 60ರಿಂದ ಗುಣಿಸಿ: ನಿಮಿಷಕ್ಕೆ 300. ಫ್ಲಟರ್‌ನಲ್ಲಿ ಮೇಲಿನ ಕೋಣೆ ಬಡಿಯೋದೂ ನಿಮಿಷಕ್ಕೆ ಸುಮಾರು 300. ಯಂತ್ರಕ್ಕೆ ಎರಡೂ ಗರಗಸದ ಹಲ್ಲಿನಂತೆ ಕಾಣುತ್ತವೆ. ಅದು ಅಳೆಯೋದು ಚರ್ಮದ ಮೇಲಿನ ವಿದ್ಯುತ್ತನ್ನು. ಆ ವಿದ್ಯುತ್ ಹೃದಯದ ಸ್ನಾಯುವಿನದ್ದೋ ತೋಳಿನ ಸ್ನಾಯುವಿನದ್ದೋ ಅಂತ ಅದಕ್ಕೆ ತಿಳಿಯಲ್ಲ.

ಬಿಡಿಸೋದು ಹೇಗೆ? ಬಲಗೈ ನಡುಗ್ತಿದೆ ಅನ್ನಿ. ಲೀಡ್ ಅಂದ್ರೆ ಮೈಯ ಎರಡು ಜಾಗಗಳ ನಡುವಿನ ವಿದ್ಯುತ್ತಿನ ಅಳತೆ. ಲೀಡ್ 1 ಬಲಗೈಯಿಂದ ಎಡಗೈಗೆ, ಲೀಡ್ 2 ಬಲಗೈಯಿಂದ ಎಡಗಾಲಿಗೆ. ಎರಡರಲ್ಲೂ ಗರಗಸ ಇರುತ್ತೆ. ಲೀಡ್ 3 ಎಡಗೈಯಿಂದ ಎಡಗಾಲಿಗೆ, ಬಲಗೈ ಅದರಲ್ಲಿ ಇಲ್ಲವೇ ಇಲ್ಲ. ಅಲ್ಲಿ ಪಟ್ಟಿ ಶುಭ್ರವಾಗಿದ್ದು, ಪ್ರತಿ ಬಡಿತದ ಮುಂದೆ ಪಿ ಅಲೆ (ಮೇಲಿನ ಕೋಣೆ ಸರಿಯಾಗಿ ಕೆಲಸ ಮಾಡಿದ ಗುರುತು) ಕಂಡರೆ ಅದು ನಡುಕ, ಫ್ಲಟರ್ ಅಲ್ಲ. ಇಷ್ಟು ಸರಳ, ಆದ್ರೆ ಮೂರೂ ಲೀಡ್ ನೋಡೋ ತಾಳ್ಮೆ ಬೇಕು. ನೋಡದಿದ್ರೆ ಹಿರಿಯರೊಬ್ಬರು ಇಲ್ಲದ ಕಾಯಿಲೆಗೆ ರಕ್ತ ತೆಳುವಾಗಿಸೋ ಮಾತ್ರೆ ನುಂಗಬೇಕಾಗುತ್ತೆ.

ಹೋಲ್ಟರ್‌ನಲ್ಲೂ ಇದೇ ಮೋಸ. ಹಲ್ಲುಜ್ಜೋವಾಗ ಕೈ ತಾಳಬದ್ಧವಾಗಿ ಅಲುಗುತ್ತೆ, ಎಲೆಕ್ಟ್ರೋಡ್ ಎಳೆಯುತ್ತೆ, ಕಾಗದದ ಮೇಲೆ ಅಪಾಯಕಾರಿ ವೆಂಟ್ರಿಕ್ಯುಲರ್ ಟ್ಯಾಕಿಕಾರ್ಡಿಯಾ (ಕೆಳಗಿನ ಕೋಣೆಯ ಅತಿವೇಗದ ಬಡಿತ) ಥರ ಅಲೆ ಬೀಳುತ್ತೆ. ತೆಂಗಿನಕಾಯಿ ತುರಿಯೋದು, ಚಪಾತಿ ಲಟ್ಟಿಸೋದು, ಬಟ್ಟೆ ಕುಕ್ಕೋದು, ಇವೂ ತಾಳದ ಕೆಲಸಗಳೇ. ಹಾಗಂತ ಮಾಡಬಾರದು ಅಂತಲ್ಲ. ಮಾಡಿ, ಆದ್ರೆ ಡೈರಿಯಲ್ಲಿ ಸಮಯ ಬರೀರಿ. "7.10, ಹಲ್ಲುಜ್ಜಿದೆ" ಅನ್ನೋ ಒಂದು ಸಾಲು ಇಡೀ ರಿಪೋರ್ಟನ್ನು ಉಳಿಸುತ್ತೆ. ರೆಕಾರ್ಡರ್ ಗಡಿಯಾರ ಮತ್ತು ನಿಮ್ಮ ಫೋನಿನ ಗಡಿಯಾರ ಒಂದೇ ಸಮಯ ತೋರಿಸ್ತಿದೆಯಾ ಅಂತ ಹಾಕೋವಾಗಲೇ ನೋಡಿ.

ಮುಂಬೈಯಲ್ಲಿ ಹೋಲ್ಟರ್ ಕೆಡಿಸೋದು ಬೆವರು. ಹಾಕಿಸಿಕೊಳ್ಳೋ ಮುಂಚೆ ಸ್ನಾನ ಮಾಡಿ. ಆಮೇಲೆ ಎಣ್ಣೆ, ಪೌಡರ್, ಕ್ರೀಮ್ ಯಾವುದೂ ಬೇಡ. ಕೂದಲಿದ್ರೆ ಬೋಳಿಸಬೇಕು, ಸ್ಪಿರಿಟ್‌ನಲ್ಲಿ ಒರೆಸಿ, ಒಣಗಿದ ಮೇಲೆ ಗಾಜ್ ಬಟ್ಟೆಯಿಂದ ಚರ್ಮ ತುಸು ಕೆಂಪಾಗೋವರೆಗೆ ಉಜ್ಜಬೇಕು. ಸತ್ತ ಚರ್ಮದ ಪದರ ವಿದ್ಯುತ್ತನ್ನು ತಡೆಯುತ್ತೆ. ಎಲೆಕ್ಟ್ರೋಡ್ ಅಂಟಿಸೋವಾಗ ಅಂಚನ್ನು ಒತ್ತಬೇಕು. ನಡುವೆ ಒತ್ತಿದ್ರೆ ಜೆಲ್ ಹರಿದು ಅಂಟು ಬಿಡುತ್ತೆ. ಪ್ರತಿ ವೈರನ್ನು ಒಂದು ಸಣ್ಣ ಸುತ್ತು ಹಾಕಿ ಟೇಪ್ ಮಾಡಿಸಿ, ಲೋಕಲ್ ಟ್ರೇನಿನಲ್ಲಿ ಯಾರದೋ ಬ್ಯಾಗ್ ಸಿಕ್ಕಿಕೊಂಡ್ರೂ ಎಳೆತ ಸುತ್ತಿಗೆ ಬೀಳುತ್ತೆ, ಎಲೆಕ್ಟ್ರೋಡಿಗಲ್ಲ. ಕರಿಮಣಿ, ಚೈನು ಎಲೆಕ್ಟ್ರೋಡಿಗೆ ತಾಗದ ಹಾಗಿರಲಿ. ಮುಂದೆ ಗುಂಡಿ ಇರೋ ಅಂಗಿ ಹಾಕಿ. ಒಂದು ಕಳಚಿದ್ರೆ ಅದೇ ಜಾಗಕ್ಕೆ ಅಂಟಿಸಿ, ಸಮಯ ಬರೆದಿಡಿ. ಮಲಗಿಯೇ ದಿನ ಕಳೀಬೇಡಿ, ಮಾಮೂಲಿ ದಿನವೇ ಬೇಕು.

ಲೂಪ್ ರೆಕಾರ್ಡರ್ ಬಗ್ಗೆ ಹೆದರಿಕೆ ಜಾಸ್ತಿ, ಕೆಲಸ ಕಮ್ಮಿ. ಈಗಿನವು ಪೆನ್ ಡ್ರೈವ್‌ಗಿಂತ ಚಿಕ್ಕವು. ಎದೆಯ ಎಡಭಾಗದಲ್ಲಿ ಜಾಗ ಮರಗಟ್ಟಿಸಿ, ಒಂದು ಸೆಂಟಿಮೀಟರಿಗೂ ಚಿಕ್ಕ ಗಾಯ ಮಾಡಿ ಒಳಗೆ ತಳ್ತಾರೆ. ಹೃದಯದೊಳಕ್ಕೆ ಯಾವ ವೈರೂ ಹೋಗಲ್ಲ. ಬ್ಯಾಟರಿ ಕೆಲವು ವರ್ಷ ಬಾಳುತ್ತೆ. ಅದು ಎಎಫ್ ಗುರುತಿಸೋದು ಬಡಿತಗಳ ನಡುವಿನ ಅಂತರ ಎಷ್ಟು ಏರುಪೇರು ಅಂತ ನೋಡಿ. ಹಾಗಾಗಿ ನಡುವೆ ಹೆಚ್ಚುವರಿ ಬಡಿತಗಳು ಬರೋರಲ್ಲಿ ಸುಳ್ಳು ಎಚ್ಚರಿಕೆ ಬರುತ್ತೆ. ಅಲೆಯನ್ನು ಡಾಕ್ಟ್ರು ಕಣ್ಣಾರೆ ನೋಡದೆ ಔಷಧಿ ಶುರು ಆಗಬಾರದು.

ಸಮಯ ಕಮ್ಮಿ ಇದೆ, ಉಳಿದದ್ದು ಒಟ್ಟಿಗೆ. ಲಕ್ವ ಆಗದವರೂ ಹೀಗೆ ಹುಡುಕಿಸಿಕೊಳ್ಳಬೇಕಾ? ಡೆನ್ಮಾರ್ಕಿನ ಲೂಪ್ ಅಧ್ಯಯನ, 2021, ಬಿಪಿ ಅಥವಾ ಶುಗರ್‌ನಂಥ ಅಪಾಯ ಇದ್ದ 70ರಿಂದ 90 ವಯಸ್ಸಿನ 6,004 ಜನ. ರೆಕಾರ್ಡರ್ ಗುಂಪಿನಲ್ಲಿ ಎಎಫ್ 31.8%, ಇನ್ನೊಂದರಲ್ಲಿ 12.2%. ಲಕ್ವ ಮತ್ತು ಹೆಪ್ಪು ಮಾತ್ರ 4.5% ಮತ್ತು 5.6%, ಸಂಖ್ಯಾಶಾಸ್ತ್ರದಲ್ಲಿ ಅದು ಖಚಿತ ವ್ಯತ್ಯಾಸ ಅಲ್ಲ. ಹುಡುಕಿದಷ್ಟೂ ಸಿಗುತ್ತೆ, ಸಿಕ್ಕಿದ್ದೆಲ್ಲ ಅಪಾಯ ಅಲ್ಲ. ಸ್ಮಾರ್ಟ್‌ವಾಚ್? 4,19,297 ಜನರ ಆಪಲ್ ಹಾರ್ಟ್ ಅಧ್ಯಯನದಲ್ಲಿ ಎಚ್ಚರಿಕೆ ಬಂದಿದ್ದು 0.52% ಮಂದಿಗೆ. ಆಮೇಲೆ ಪ್ಯಾಚ್ ಹಾಕಿ ವಾಪಸ್ ಕಳಿಸಿದ 450 ಜನರಲ್ಲಿ 34% ಮಂದಿಗೆ ಎಎಫ್ ಸಿಕ್ಕಿತು. ವಾಚ್ ಹೇಳಿದ್ರೆ ಡಾಕ್ಟರ ಹತ್ತಿರ ಹೋಗಿ, ಮೆಡಿಕಲ್ ಸ್ಟೋರಿಗಲ್ಲ. ರುಮ್ಯಾಟಿಕ್ ಜ್ವರದಿಂದ ಮೈಟ್ರಲ್ ಕವಾಟ (ಹೃದಯದ ಎಡಗಡೆಯ ಎರಡು ಕೋಣೆಗಳ ನಡುವಿನ ಬಾಗಿಲು) ಕಿರಿದಾಗಿ ಎಎಫ್ ಬಂದವರಿಗೆ ಲೆಕ್ಕವೇ ಬೇರೆ. ಅವರಿಗೆ ರಕ್ತ ತೆಳುವಾಗಿಸೋ ಹೊಸ ಮಾತ್ರೆ ರಿವರೊಕ್ಸಬಾನ್‌ಗಿಂತ ವಾರ್ಫರಿನ್ ಥರದ ಹಳೇ ಮಾತ್ರೆಯೇ ಮೇಲು ಅಂತ 2022ರ ಇನ್ವಿಕ್ಟಸ್ ಅಧ್ಯಯನ ತೋರಿಸಿತು. ಕವಾಟ ಹೇಗಿದೆ ಅಂತ ಹೇಳೋದು ಎಕೋ, ಆ ರಿಪೋರ್ಟ್ ಜೊತೆಗೇ ಇರಲಿ.

ಡೊಂಬಿವಲಿಯವರಿಗೆ ಕೊನೆಗೆ ಒಂದು ಕೆಲಸ. ಮಾವನ ಹೋಲ್ಟರ್ ರಿಪೋರ್ಟಿನ ಮೊದಲ ಪುಟ ತೆಗೀರಿ. ಒಟ್ಟು ಎಷ್ಟು ಗಂಟೆ ದಾಖಲಾಗಿದೆ, ಅದರಲ್ಲಿ ಓದೋ ಹಾಗಿದ್ದಿದ್ದು ಎಷ್ಟು, ಒಟ್ಟು ಬಡಿತ ಎಷ್ಟು ಅಂತ ನೋಡಿ. ನಿಮಿಷಕ್ಕೆ 70ರ ಲೆಕ್ಕದಲ್ಲಿ ದಿನಕ್ಕೆ ಒಂದು ಲಕ್ಷ ದಾಟಬೇಕು. ಅಲ್ಲಿ ಐವತ್ತು ಸಾವಿರ ಇದ್ದು, ಓದೋ ಹಾಗಿದ್ದಿದ್ದು 12 ಗಂಟೆ ಅಂತಿದ್ರೆ, ನಿಮ್ಮ ಕೈಲಿರೋದು ಅರ್ಧ ದಿನದ ನಾರ್ಮಲ್. ಆ ಪುಟದ ಫೋಟೋ ತೆಗೆದು ಡಾಕ್ಟ್ರಿಗೆ ತೋರಿಸಿ, ಪ್ಯಾಚಿನ ಮಾತು ಅಲ್ಲಿಂದ ಶುರು ಮಾಡಿ.