ಮೊದಲು ಕಿವಿ, ಆಮೇಲೆ ದುರ್ಬೀನು

ಕೇಳುಗರಿಗೆಲ್ಲ ನಮಸ್ಕಾರ.

ಈ ಹೊತ್ತಿನಲ್ಲಿ ರೇಡಿಯೋ ಹಾಕಿಕೊಂಡು ಕೂತಿರುವವರು ಯಾರಿರಬಹುದು ಅಂತ ಬರುವಾಗ ದಾರಿಯುದ್ದಕ್ಕೂ ಯೋಚಿಸುತ್ತಿದ್ದೆ. ತೀರ್ಥಹಳ್ಳಿ ಕಡೆ ಯಾವುದೋ ಮನೆಯ ಅಂಗಳ. ನಾಲ್ಕೈದು ಜನ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದೀರಿ. ಕೈ ಕೆಲಸದಲ್ಲಿದೆ, ಕಣ್ಣು ಕತ್ತಿಯ ಮೇಲಿದೆ, ಕಿವಿಯೊಂದು ಖಾಲಿ ಇದೆ. ನನಗೆ ಬೇಕಾದದ್ದು ಆ ಖಾಲಿ ಕಿವಿಯೇ.

ಮಲೆನಾಡಿನಲ್ಲಿ ಹಕ್ಕಿ ನೋಡುವ ಪ್ರವಾಸದ ಬಗ್ಗೆ ಹತ್ತು ನಿಮಿಷ ಮಾತಾಡಿ ಅಂದಿದ್ದಾರೆ. ಅಷ್ಟೆಲ್ಲ ಬೇಕಿಲ್ಲ. ಒಂದು ಕಡೆ ನಿಲ್ಲಿ, ಮಾತು ನಿಲ್ಲಿಸಿ, ಕಿವಿಗೊಡಿ. ಮುಗಿಯಿತು. ಉಳಿದ ಒಂಬತ್ತೂವರೆ ನಿಮಿಷ ಇದನ್ನೇ ತಿರುಗಿಸಿ ಮುರುಗಿಸಿ ಹೇಳುತ್ತೇನೆ, ಸಹಿಸಿಕೊಳ್ಳಿ.

ಕೆರೆಯ ಹಕ್ಕಿ ನೋಡಿ ಅಭ್ಯಾಸವಾದವರು ನಮ್ಮ ಕಾಡಿಗೆ ಬಂದರೆ ಮೊದಲ ಅರ್ಧ ಗಂಟೆಯಲ್ಲೇ ಕಂಗೆಡುತ್ತಾರೆ. ಮಂಡಗದ್ದೆಯಲ್ಲಾದರೆ ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ ಎಲ್ಲ ಗೂಡು ಕಟ್ಟಿಕೊಂಡು ಕೂತಿರುತ್ತವೆ. ಜುಲೈಯಿಂದ ಅಕ್ಟೋಬರ್ ಒಳಗೆ ಹೋದರೆ ರಸ್ತೆ ಬದಿಯಲ್ಲೇ ನಿಂತು ನೋಡಬಹುದು. ಸೊರಬದ ಗುಡವಿಯದೂ ಹಾಗೆಯೇ. ಆಗುಂಬೆಯ ಕಾಡು ಹಾಗಲ್ಲ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಕುಡಿದು ಬೆಳೆದ ಮರಗಳು. ನೂರಡಿ ಮೇಲೆ ಎಲೆಯ ಚಪ್ಪರ, ಕೆಳಗೆ ಹಗಲಿನಲ್ಲೂ ಮಬ್ಬು. ಅಲ್ಲಿ ಹಕ್ಕಿಯನ್ನು ಕಣ್ಣಿನಿಂದ ಹುಡುಕುವುದು ಅಂದರೆ ಕಣಜದೊಳಗೆ ಬಿದ್ದ ಮೂಗುತಿಯನ್ನು ಹುಡುಕಿದ ಹಾಗೆ. ಮೊದಲು ದನಿ ಎಲ್ಲಿಂದ ಬಂತು ಅಂತ ಗೊತ್ತಾಗಬೇಕು. ದುರ್ಬೀನು ಎತ್ತುವುದು ಆಮೇಲೆ.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಮಾನ ಕಳೆದುಕೊಂಡು ಕಲಿತದ್ದು. ಆ ಕಥೆ ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ಅಕ್ಟೋಬರ್ ಕೊನೆ, ಮಳೆ ಹೊಳವಾಗಿತ್ತು. ಬೆಂಗಳೂರಿನಿಂದ ಎಂಟು ಜನ ಬಂದಿದ್ದರು. ಅವರಲ್ಲೊಬ್ಬರ ಹತ್ತಿರ ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಳ್ಳಬೇಕಾದಂಥ ಕ್ಯಾಮೆರಾ. ಅವರಿಗೆ ಸರ್ಪಹದ್ದಿನ ಫೋಟೋ ಬೇಕು. ಬೇರೇನನ್ನು ತೋರಿಸಿದರೂ "ಹ್ಞೂಂ" ಅನ್ನುತ್ತಿದ್ದರು, ಅಷ್ಟೇ. ಬೆಳಿಗ್ಗೆ ಆರೂವರೆಗೆ ಕಾಡಂಚಿನಲ್ಲಿ ಜೀಪು ನಿಲ್ಲಿಸಿದೆವು. ನಮ್ಮ ಜೀಪಿನ ಚಾಲಕರು, ಊರಿನವರೇ, ಇಳಿಯಲಿಲ್ಲ. "ನೀವು ಹೋಗಿ ಬನ್ನಿ, ನಾನು ಇಲ್ಲೇ ಇರ್ತೀನಿ" ಅಂತ ಎಲೆ ಅಡಿಕೆಯ ಚೀಲ ಬಿಚ್ಚಿದರು.

ನೂರು ಹೆಜ್ಜೆ ಹೋಗಿಲ್ಲ, ಕೆಳಗೆ ಹಳ್ಳದ ಕಡೆಯಿಂದ ಸರ್ಪಹದ್ದಿನ ಕೂಗು! ಸ್ಪಷ್ಟವಾಗಿ ಎರಡು ಸಲ. ಕ್ಯಾಮೆರಾದವರ ಮುಖ ಅರಳಿತು. ನನಗೂ ಹುಮ್ಮಸ್ಸು ಬಂತು. ಬನ್ನಿ ಅಂದೆ, ಇಳಿದೆವು. ಹಳ್ಳಕ್ಕೆ ಬಂದರೆ ಕೂಗು ಆಚೆ ದಡದಲ್ಲಿ. ದಾಟಿದೆವು. ಕೂಗು ಏರಿನ ಮೇಲೆ. ಹತ್ತಿದೆವು. ಹಳ್ಳದ ಬದಿಯ ರಕ್ತ ಹೀರುವ ಉಂಬಳಗಳಿಗೆ ಅಂದು ಹಬ್ಬ. ಒಬ್ಬರ ಕಾಲಿನಲ್ಲೇ ಹದಿಮೂರು ಎಣಿಸಿದೆವು. ನನ್ನ ಎಡಗಾಲಿನ ಚಪ್ಪಲಿ ಕೆಸರಿನಲ್ಲಿ ಹೂತುಹೋಯಿತು, ತೆಗೆಯಲಿಕ್ಕೆ ಪುರಸತ್ತಿರಲಿಲ್ಲ. ಮುಕ್ಕಾಲು ಗಂಟೆ ಹೀಗೇ ಅಲೆದು, ಏದುಸಿರು ಬಿಡುತ್ತ ಒಂದು ಹೆಮ್ಮರದ ಬುಡಕ್ಕೆ ಬಂದು ತಲೆಯೆತ್ತಿದರೆ, ಕೊಂಬೆಯ ಮೇಲೆ ಭೀಮರಾಜ.

ಭೀಮರಾಜ ಗೊತ್ತಲ್ಲ? ಮೈಯೆಲ್ಲ ಮಿರುಗುವ ಕಪ್ಪು, ಬಾಲದಿಂದ ಎರಡು ತಂತಿ, ತಂತಿಯ ತುದಿಗೆ ಒಂದೊಂದು ಗರಿಯ ಬಿಲ್ಲೆ. ಕಾಜಾಣಗಳ ಪೈಕಿ ದೊಡ್ಡ ನಟ. ನಮ್ಮ ಕಣ್ಣೆದುರೇ ಇನ್ನೊಂದು ಸಲ ಸರ್ಪಹದ್ದಾಗಿ ಕೂಗಿ, ಅದರ ಬೆನ್ನಿಗೇ ಕುಟ್ರುಹಕ್ಕಿಯಾಗಿ, ಕೊನೆಗೆ ತನ್ನದೇ ದನಿಯಲ್ಲಿ ಏನೋ ಗದರಿ ಹಾರಿಹೋಯಿತು. ಬೇರೆ ಹಕ್ಕಿಗಳ ದನಿ ತೆಗೆಯುವುದು ಅದಕ್ಕೆ ಬರೀ ಆಟವಲ್ಲ, ಹೊಟ್ಟೆಪಾಡು. ಹಾಗೆ ಕೂಗಿ ಹತ್ತಾರು ಜಾತಿಯ ಹಕ್ಕಿಗಳನ್ನು ಸಂತೆಯ ಹಾಗೆ ಕೂಡಿಸುತ್ತದೆ. ಅವು ಎಲೆ ಕೆದಕಿ ಹುಳ ಎಬ್ಬಿಸಿದರೆ ಇದು ಗಾಳಿಯಲ್ಲೇ ಹಿಡಿದು ನುಂಗುತ್ತದೆ. ಬದಲಿಗೆ ಗಿಡುಗ ಬಂದರೆ ಮೊದಲು ಎಚ್ಚರಿಸುವುದೂ ಇದೇ.

ಕಥೆ ಇನ್ನೂ ಮುಗಿದಿಲ್ಲ. ಒಂದೇ ಚಪ್ಪಲಿಯಲ್ಲಿ ಕುಂಟುತ್ತ ಜೀಪಿನ ಹತ್ತಿರ ವಾಪಸು ಬಂದೆ. ಚಾಲಕರು ಕೂತಲ್ಲೇ ಕೂತಿದ್ದರು. ಎಲೆ ಅಡಿಕೆ ಉಗಿದು, "ಈಗ ಹೋದ್ವು ಸಾರ್" ಅಂದರು. ಏನು ಹೋದದ್ದು? "ಮಂಗಟ್ಟೆ. ಆ ಉದ್ದ ಕೊಕ್ಕಿನ ಹಕ್ಕಿ, ದೊಡ್ಡ ಜಾತೀದು. ನಾಲ್ಕು. ಆ ಅತ್ತಿ ಮರದಲ್ಲಿ ಹಣ್ಣು ತಿಂತಾ ಇದ್ವು, ಅರ್ಧ ಗಂಟೆ. ಅದರ ಹಿಂದೇನೇ ಸರ್ಪಹದ್ದು ಒಂದು ಬಂದು ಆ ಒಣ ಕೊಂಬೆ ಮೇಲೆ ಕೂತಿತ್ತು."

ಕ್ಯಾಮೆರಾದವರು ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ.

ಆವತ್ತಿನಿಂದ ನನ್ನ ಜೊತೆ ಬರುವವರಿಗೆ ಒಂದೇ ಕಟ್ಟುನಿಟ್ಟು. ಹಣ್ಣು ಬಿಟ್ಟ ಅತ್ತಿಯೋ ಬಸರಿಯೋ ಒಂದು ಮರ ಹುಡುಕಿ, ದೂರದಲ್ಲಿ ನಿಲ್ಲಬೇಕು. ಒಂದು ಗಂಟೆ. ಮಾತಿಲ್ಲ. ಮೊದಲ ಹದಿನೈದು ನಿಮಿಷ ಏನೂ ಆಗುವುದಿಲ್ಲ, ಜನ ಮೊಬೈಲು ತೆಗೆಯುತ್ತಾರೆ. ಆಮೇಲೆ ಪಿಕಳಾರಗಳು ಬರುತ್ತವೆ, ಅವುಗಳ ಹಿಂದೆ ಹಸಿರು ಪಾರಿವಾಳ, ಕುಟ್ರುಹಕ್ಕಿ. ಆಮೇಲೆ, ಅದೃಷ್ಟ ಇದ್ದರೆ, ದೂರದಿಂದ ಒಂದು ಸದ್ದು. ತಾಳಗುಪ್ಪದ ರೈಲು ಉಗಿಬಂಡಿಯಾಗಿದ್ದ ಕಾಲ ನೆನಪಿರುವ ಹಿರಿಯರಿಗೆ ತಕ್ಷಣ ಗೊತ್ತಾಗುತ್ತದೆ: ಏರು ಹತ್ತುವ ಎಂಜಿನ್ನಿನ ಉಸಿರು. ಅದು ದೊಡ್ಡ ಮಂಗಟ್ಟೆಯ ರೆಕ್ಕೆಯ ಸದ್ದು. ಬೇರೆ ಹಕ್ಕಿಗಳಿಗೆ ರೆಕ್ಕೆಯಡಿಯಲ್ಲಿ ದೊಡ್ಡ ಗರಿಗಳ ಬುಡ ಮುಚ್ಚುವ ಸಣ್ಣ ಗರಿಗಳಿರುತ್ತವೆ, ಮಂಗಟ್ಟೆಗೆ ಇಲ್ಲ. ಗಾಳಿ ಸಂದಿಯಲ್ಲಿ ನುಗ್ಗಿ ಭುಸ್ ಭುಸ್ ಅನ್ನುತ್ತದೆ. ಹಕ್ಕಿ ಕಾಣುವ ಮೊದಲೇ ತಾನು ಬರುವುದನ್ನು ಹೇಳಿ ಕಳಿಸುತ್ತದೆ. ಮಾತಾಡುತ್ತ ಇದ್ದವರಿಗೆ ಅದು ಕೇಳಿಸುವುದಿಲ್ಲ.

ಮಂಗಟ್ಟೆ ಸಂಸಾರದ ಬಗ್ಗೆಯೇ ಒಂದು ಗಂಟೆ ಮಾತಾಡಬಹುದು. ಬೇಸಿಗೆಯ ಮೊದಲು ಹೆಣ್ಣು ಮರದ ಪೊಟರೆಗೆ ಹೊಕ್ಕು, ಹಿಕ್ಕೆಯಿಂದಲೇ ಬಾಗಿಲು ಮೆತ್ತಿಕೊಂಡು ಒಳಗೆ ಕೂತುಬಿಡುತ್ತದೆ. ಒಂದು ಸೀಳು ಮಾತ್ರ ಉಳಿದಿರುತ್ತದೆ. ಕಾವಿಗೇ ಸುಮಾರು ನಲವತ್ತು ದಿನ, ಅಷ್ಟೂ ದಿನ ಗಂಡು ಆ ಸೀಳಿನಿಂದ ಹಣ್ಣು ಕೊಡಬೇಕು. ಅದಕ್ಕೇ ಅಂಥ ಮರದ ಬುಡಕ್ಕೆ ಹೋಗಿ ನಿಲ್ಲಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಮನುಷ್ಯರು ಕೆಳಗಿದ್ದರೆ ಗಂಡು ಹತ್ತಿರ ಬರುವುದಿಲ್ಲ. ಒಳಗಿರುವವಳು ಉಪವಾಸ.

ಸಮಯ ಆಗುತ್ತ ಬಂತು ಅಂತ ಕಾಣುತ್ತದೆ, ಗಾಜಿನಾಚೆ ಕೈ ಎತ್ತಿದ್ದಾರೆ. ಬೇಗ ಹೇಳುತ್ತೇನೆ. ದುರ್ಬೀನು 8×42, ಅಂದರೆ ಎಂಟು ಪಟ್ಟು ಹತ್ತಿರ ತೋರಿಸುವ, 42 ಮಿಲಿಮೀಟರ್ ಗಾಜಿನದು ಸಾಕು, ಅದಕ್ಕಿಂತ ಭಾರದ್ದು ಕತ್ತಿಗೆ ನೋವು. ಕೆಂಪು, ಬಿಳಿ ಅಂಗಿ ಬೇಡ. ಅಭಯಾರಣ್ಯದ ಒಳಗಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಕೊಡಚಾದ್ರಿಗೆ ಹೋಗುವವರು 1,343 ಮೀಟರಿನ ನೆತ್ತಿಯ ಮೇಲೆ ಹಕ್ಕಿ ಹುಡುಕಬೇಡಿ, ಅಲ್ಲಿ ಗಾಳಿಗೆ ಕಿವಿ ಕೆಲಸ ಮಾಡುವುದಿಲ್ಲ. ಅರ್ಧ ದಾರಿಯ ಕಾಡಿನಲ್ಲೇ ನಿಲ್ಲಿ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವವರಿಗೆ ಮಾತ್ರ ನನ್ನ ಜೀಪಿನಲ್ಲಿ ಜಾಗವಿಲ್ಲ. ಪಾಪದ ಹಕ್ಕಿ, ತನ್ನ ಜಾಗಕ್ಕೆ ಇನ್ನೊಬ್ಬ ಬಂದ ಅಂತ ಮರಿ ಬಿಟ್ಟು ಜಗಳಕ್ಕೆ ಬರುತ್ತದೆ. ಅದನ್ನು ಫೋಟೋ ತೆಗೆದು ಹೆಮ್ಮೆಪಡುವುದು ಏನು ಚಂದ?

ಕಾಡಿಗೆ ಹೋಗಲಾಗದವರು ಮುಂದಿನ ಮಳೆಗಾಲದವರೆಗೆ ಕಾಯಿರಿ. ಬೆಳಿಗ್ಗೆ, ಇನ್ನೂ ಕತ್ತಲಿರುವಾಗ, ತೋಟದ ಕೆಳಗಿನ ಹಳ್ಳದ ಕಡೆಯ ಕಿಟಕಿ ತೆಗೆದಿಡಿ. ಶಾಲೆಗೆ ಹೊರಟ ಹುಡುಗ ರಾಗ ಮರೆತು ಶಿಳ್ಳೆ ಹಾಕುತ್ತ ಹೋದ ಹಾಗೆ ಕೇಳಿಸಿದರೆ ಅದು ಹುಡುಗ ಅಲ್ಲ. ಕಡುನೀಲಿ ಮೈ, ಹೆಗಲಲ್ಲಿ ಹೊಳೆಯುವ ನೀಲಿ, ಮಲಬಾರಿನ ಶಿಳ್ಳೆ ಹಕ್ಕಿ. ಇಂಗ್ಲಿಷರೂ ಅದನ್ನು ಶಿಳ್ಳೆ ಹೊಡೆಯುವ ಶಾಲೆ ಹುಡುಗ ಅಂತಲೇ ಕರೆದರು. ಎದ್ದು ಹೊರಗೆ ಬಂದು ಟಾರ್ಚು ಬಿಡಬೇಡಿ, ನಿಲ್ಲಿಸಿಬಿಡುತ್ತದೆ. ಮಲಗಿಕೊಂಡೇ ಕೇಳಿ.

ಚಾಲಕರು ಈಗಲೂ ನನ್ನ ಜೊತೆಗೇ ಬರುತ್ತಾರೆ. ಈಗ ಜೀಪಿನ ಹತ್ತಿರ ಕೂರುವವನು ನಾನು.

ನಮಸ್ಕಾರ.