ಬಾಡಿಗೆ ಮನೆಗೆ ಊರಲ್ಲೇ ಸಾಲ

ಕೇಳುಗರೆಲ್ಲರಿಗೂ ನಮಸ್ಕಾರ. ವಸಂತನರಸಾಪುರದ ಕಾರ್ಖಾನೆಗಳಿಗೆ ಹೋಗುವವರು, ಕಾಲೇಜಿಗೆ ಬರುವ ಮಕ್ಕಳು ತುಮಕೂರಿನಲ್ಲಿ ಬಾಡಿಗೆ ಮನೆ ಹುಡುಕುತ್ತಲೇ ಇರುತ್ತಾರೆ. ಅದನ್ನು ಕಂಡು ಸಾಲ ಮಾಡಿ ಮನೆ ಕೊಂಡು ಬಾಡಿಗೆಗೆ ಕೊಡುವ ಆಸೆ ಹಲವರಿಗಿದೆ. ಆದರೆ ಬಾಡಿಗೆಯಲ್ಲೇ ಕಂತು ತೀರುತ್ತದೆ ಎಂದು ನಂಬಬೇಡಿ. 25 ಲಕ್ಷ ಸಾಲ, ಶೇ 9 ಬಡ್ಡಿ, 20 ವರ್ಷ ಎಂದರೆ ತಿಂಗಳ ಕಂತು ಸುಮಾರು 22,500 ರೂಪಾಯಿ. ಬಾಡಿಗೆ 12,000 ಬಂದರೂ ಮಿಕ್ಕ 10,500 ನಿಮ್ಮ ಸಂಬಳದಿಂದಲೇ ಹೋಗಬೇಕು. ಮನೆ ಖಾಲಿ ಬಿದ್ದ ತಿಂಗಳು ಪೂರ್ತಿ ನಿಮ್ಮದೇ.

ಸಾಲ ಕೇಳುವ ಮೊದಲು ಆಸ್ತಿಯ ಕಾಗದ ನೋಡಿ. ಪಾಲಿಕೆ ವ್ಯಾಪ್ತಿಯಾದರೆ ಇ-ಖಾತೆ, ಪಂಚಾಯಿತಿಯಾದರೆ ಇ-ಸ್ವತ್ತು ಎಂಬ ಆನ್‌ಲೈನ್ ಆಸ್ತಿ ದಾಖಲೆಯ ನಮೂನೆ 9 ಮತ್ತು 11ಎ ಇರಬೇಕು. ಅನುಮೋದನೆಯಿಲ್ಲದ ಬಡಾವಣೆಗೆ ನಮೂನೆ 11ಬಿ ಸಿಗುತ್ತದೆ. ಅದಕ್ಕೆ ಸಾಲ ಸಿಗುವುದು ಬಹಳ ಕಷ್ಟ. ಮುಂಗಡ ಕೊಟ್ಟ ಮೇಲೆ ಇದು ಗೊತ್ತಾದರೆ ಹಣ ವಾಪಸ್ ಪಡೆಯಲು ಅಲೆಯಬೇಕಾಗುತ್ತದೆ.

ಇನ್ನು ಯಾರ ಬಳಿ ಹೋಗುವುದು? ಮೊದಲು ನಿಮ್ಮ ಸಂಬಳ ಬೀಳುವ ರಾಷ್ಟ್ರೀಕೃತ ಬ್ಯಾಂಕಿಗೆ. 30 ಲಕ್ಷದೊಳಗಿನ ಸಾಲಕ್ಕೆ ಮನೆ ಬೆಲೆಯ ಶೇ 90ರವರೆಗೆ, 30ರಿಂದ 75 ಲಕ್ಷದವರೆಗಿನದಕ್ಕೆ ಶೇ 80ರವರೆಗೆ ಕೊಡಬಹುದು ಎಂದು ರಿಸರ್ವ್ ಬ್ಯಾಂಕ್ ಮಿತಿ ಹಾಕಿದೆ. ನೋಂದಣಿ, ಮುದ್ರಾಂಕದ ಖರ್ಚು ಸಾಮಾನ್ಯವಾಗಿ ಈ ಬೆಲೆಯಲ್ಲಿ ಸೇರುವುದಿಲ್ಲ. ಮೂರನೆಯ ಮನೆಯಾದರೆ ಸಾಲವನ್ನು ಗೃಹ ಸಾಲವೆನ್ನದೆ ವಾಣಿಜ್ಯ ರಿಯಲ್ ಎಸ್ಟೇಟ್, ಅಂದರೆ ವ್ಯಾಪಾರಿ ಆಸ್ತಿಯ ಸಾಲ, ಎಂದು ಲೆಕ್ಕ ಹಿಡಿಯುತ್ತಾರೆ, ಬಡ್ಡಿಯೂ ಏರಬಹುದು. ಈಗಾಗಲೇ ಬಾಡಿಗೆ ಬರುತ್ತಿದ್ದರೆ ಅದನ್ನು ಬ್ಯಾಂಕ್ ಖಾತೆಗೇ ಹಾಕಿಸಿಕೊಳ್ಳಿ. ಕೈಗೆ ಪಡೆದ ಬಾಡಿಗೆ ಮ್ಯಾನೇಜರ್‌ಗೆ ಆದಾಯವಾಗಿ ಕಾಣುವುದಿಲ್ಲ.

ಪಟ್ಟಣ ಸಹಕಾರ ಬ್ಯಾಂಕಿನವರಿಗೆ ನಿಮ್ಮ ಬೀದಿಯ ಬಾಡಿಗೆ ಎಷ್ಟೆಂದು ಗೊತ್ತಿರುತ್ತದೆ. ವ್ಯಾಪಾರಸ್ಥರ ಆದಾಯವನ್ನೂ ಅರ್ಥ ಮಾಡಿಕೊಳ್ಳುತ್ತಾರೆ. ಅಲ್ಲಿ ಸದಸ್ಯರಾಗಬೇಕು, ಷೇರು ಕೊಳ್ಳಬೇಕು. ಆಸ್ತಿ ಅಡಮಾನದ ಸಾಲಕ್ಕೆ ಸಾಲದ ಮೊತ್ತದ ಶೇ 2.5ರಷ್ಟು ಷೇರು ಕೊಳ್ಳುವುದು ರೂಢಿ; 20 ಲಕ್ಷಕ್ಕೆ 50,000 ಆಯಿತು. ಆ ಹಣವೂ ನಿಮ್ಮ ಲೆಕ್ಕದಲ್ಲಿರಲಿ.

ಎಲ್ಲಿಯೇ ಆಗಲಿ, ಬಡ್ಡಿ ಇಳಿಯುವ ಅಸಲಿನ ಮೇಲೋ, ಇಲ್ಲ ಕೊನೆಯವರೆಗೂ ಪೂರ್ತಿ ಸಾಲದ ಮೇಲೆ ಹಾಕುವ ಫ್ಲಾಟ್ ದರವೋ ಎಂದು ಕೇಳಿ. ಐದು ವರ್ಷಕ್ಕೆ ಶೇ 10 ಫ್ಲಾಟ್ ಎಂದರೆ ನಿಜಕ್ಕೆ ಶೇ 17 ದಾಟುತ್ತದೆ. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿಯ ಖಾಸಗಿ ಸಾಲ ವರ್ಷಕ್ಕೆ ಶೇ 24. ಬಾಡಿಗೆ ಮನೆಗೆ ಅದನ್ನು ಮುಟ್ಟಲೇಬೇಡಿ. ಸಹಿಗೆ ಮುನ್ನ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಎಂಬ ಹಾಳೆ ಕೇಳಿ ಪಡೆಯಿರಿ. ಎಲ್ಲ ಶುಲ್ಕ ಸೇರಿದ ವಾರ್ಷಿಕ ದರ ಅದರಲ್ಲಿರುತ್ತದೆ. ಎರಡು ಬ್ಯಾಂಕಿನ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಸಾಲ ತೀರಿದ 30 ದಿನದೊಳಗೆ ಮೂಲ ಪತ್ರಗಳು ನಿಮ್ಮ ಕೈಗೆ ಬರಬೇಕು. ಬ್ಯಾಂಕಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೇಳುವ ಹಕ್ಕು ನಿಮಗಿದೆ. ನಮಸ್ಕಾರ.