ಡಾಕ್ಟರ ಕೋಣೆಯ ಎರಡನೇ ಕುರ್ಚಿ
(ಕೋಲಾರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಸ್ತ್ರೀಶಕ್ತಿ ಸಂಘದ ಸದಸ್ಯರಿಗೆ ಮಾಡಿದ ಉಪನ್ಯಾಸ)

ಅಕ್ಕಂದಿರಿಗೆ, ತಾಯಂದಿರಿಗೆ, ಹಿಂದೆ ಗೋಡೆಗೊರಗಿ ನಿಂತಿರುವ ಅಣ್ಣಂದಿರಿಗೂ ನಮಸ್ಕಾರ.

ಯಜಮಾನರಿಗೆ ಪ್ರಾಸ್ಟೇಟ್ ಕ್ಯಾನ್ಸರ್, ಅಂದರೆ ಗಂಡಸರ ಮೂತ್ರಚೀಲದ ಕೆಳಗಿರುವ ಗ್ರಂಥಿಯ ಕ್ಯಾನ್ಸರ್ ಎಂದು ಬಯಾಪ್ಸಿ (ಗ್ರಂಥಿಯ ಚೂರು ತೆಗೆದು ನೋಡುವ ಪರೀಕ್ಷೆ) ರಿಪೋರ್ಟ್ ಬಂದಿದೆ. ಅದನ್ನು ಹಿಡಿದು ದೊಡ್ಡ ಡಾಕ್ಟರ ಹತ್ತಿರ ಮೊದಲ ಸಲ ಹೋಗುತ್ತೀರಿ. ಇವತ್ತು ಆ ಒಂದು ದಿನದ ಬಗ್ಗೆ ಮಾತ್ರ ಮಾತಾಡುತ್ತೇನೆ. ಯೂರಾಲಜಿ, ಅಂದರೆ ಮೂತ್ರದ ಕಾಯಿಲೆಗಳ ವಾರ್ಡಿನಲ್ಲಿ ನರ್ಸ್ ಆಗಿದ್ದಷ್ಟು ಕಾಲ ನಾನು ಕಂಡದ್ದು ಇದು: ಕೋಣೆಯೊಳಗೆ ಹೋಗುವವರು ರೋಗಿ ಮತ್ತು ಇಂಗ್ಲಿಷ್ ಬಲ್ಲ ಮಗ, ಇಲ್ಲವೇ ಮೈದುನ. ಹೆಂಡತಿ ಹೊರಗೆ ಬೆಂಚಿನ ಮೇಲೆ ಊಟದ ಡಬ್ಬಿ ಇಟ್ಟುಕೊಂಡು ಕೂತಿರುತ್ತಾಳೆ. "ಗಂಡಸರ ಕಾಯಿಲೆ, ನಿನಗೇನು ಗೊತ್ತಾಗ್ತದೆ" ಅಂತಾರೆ. ದಯವಿಟ್ಟು ಹೊರಗೆ ಕೂರಬೇಡಿ. ಒಳಗಿನ ಎರಡನೇ ಕುರ್ಚಿ ನಿಮ್ಮದು. ಮಗ ಬೇಕಾದರೆ ನಿಂತುಕೊಳ್ಳಲಿ.

ಯಾಕೆ ಅಂದರೆ, ರಾತ್ರಿ ಎಷ್ಟು ಸಲ ಮೂತ್ರಕ್ಕೆ ಏಳ್ತೀರಿ ಎಂದು ಡಾಕ್ಟರು ಕೇಳುತ್ತಾರೆ. ಯಜಮಾನರು "ಒಂದೆರಡು ಸಲ" ಅಂದುಬಿಡುತ್ತಾರೆ. ಐದು ಸಲ ಚಿಲಕ ತೆಗೆದ ಸದ್ದು ಕೇಳಿಸಿಕೊಂಡವರು ನೀವು. ಊಟ ಕಮ್ಮಿಯಾದದ್ದು, ಪಂಚೆ ಸಡಿಲವಾದದ್ದು, ಸೊಂಟ ಹಿಡಿದುಕೊಂಡು ಏಳುವುದು ಎಲ್ಲವೂ ನಿಮ್ಮ ಕಣ್ಣಿಗೆ ಬಿದ್ದಿರುತ್ತದೆ. ಹೋಗುವ ಮುಂಚಿನ ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಬರೆಯಲು ಬಾರದಿದ್ದರೆ ಮೊಮ್ಮಗಳಿಗೆ ಹೇಳಿ ಬರೆಸಿ.

ಸೊಂಟನೋವಿನ ವಿಷಯ ನಮ್ಮ ಜಿಲ್ಲೆಯವರು ಇನ್ನಷ್ಟು ಗಮನ ಕೊಟ್ಟು ಹೇಳಬೇಕು. ಇಲ್ಲಿನ ಎಷ್ಟೋ ಬೋರ್‌ವೆಲ್‌ಗಳ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಹಾಗಾಗಿ ಮೂಳೆ ನೋವು ಅಂದ ಕೂಡಲೇ ನೀರಿನ ಮೇಲೆ ಹಾಕಿ ಸುಮ್ಮನಾಗುತ್ತೇವೆ. ಪ್ರಾಸ್ಟೇಟ್ ಕ್ಯಾನ್ಸರ್ ಹರಡಿದಾಗ ಹೆಚ್ಚಾಗಿ ಹೋಗಿ ಸೇರುವುದು ಮೂಳೆಗೇ. ಅದು ಹರಡಿದ ಮೂಳೆಯೂ, ಫ್ಲೋರೈಡ್ ಸೇರಿದ ಮೂಳೆಯೂ ಎಕ್ಸ್‌ರೇಯಲ್ಲಿ ದಟ್ಟವಾಗಿ, ಬೆಳ್ಳಗೆ ಕಾಣಬಹುದು. ನೋವು ಎಲ್ಲಿ, ಎಂದಿನಿಂದ ಎಂದು ಹೇಳಿ. ಯಾವ ಊರು, ಎಷ್ಟು ವರ್ಷದಿಂದ ಯಾವ ನೀರು ಕುಡಿಯುತ್ತಿದ್ದೀರಿ ಎಂಬುದನ್ನೂ ಹೇಳಿ. ಬೆಂಗಳೂರಿನ ಡಾಕ್ಟರಿಗೆ ಅದು ತಾನಾಗಿ ತಿಳಿಯುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಬೆನ್ನುನೋವಿನ ಜೊತೆ ಕಾಲು ಸೋಲುತ್ತಿದ್ದರೆ, ಮರಗಟ್ಟಿದರೆ, ಮೂತ್ರ ಕಟ್ಟಿಕೊಂಡರೆ ಡಾಕ್ಟರು ಕೊಟ್ಟ ದಿನಾಂಕ ಕಾಯಬೇಡಿ. ಅದೇ ರಾತ್ರಿ ಹೊರಡಿ. ಬೆನ್ನುಹುರಿ ಒತ್ತಿಕೊಂಡಿದ್ದರೆ ತಡವಾದಷ್ಟೂ ಕಾಲಿನ ಶಕ್ತಿ ಮರಳುವುದು ಕಷ್ಟ. ಬಯಾಪ್ಸಿಯಾದ ಮೇಲೆ ಚಳಿಜ್ವರ ಬಂದರೂ ಹಾಗೇ, ಕಾಯದೆ ಹೊರಡಿ.

ಇನ್ನು ಚೀಲಕ್ಕೆ ಏನೇನು ಹಾಕಬೇಕು ಅನ್ನುವುದು. ಪಿಎಸ್‌ಎ, ಅಂದರೆ ಪ್ರಾಸ್ಟೇಟಿನ ರಕ್ತಪರೀಕ್ಷೆಯ ರಿಪೋರ್ಟ್ ಇತ್ತೀಚಿನದೊಂದೇ ಸಾಲದು, ಹಳೆಯವೂ ಬೇಕು. ಆ ಅಂಕಿ ಎಷ್ಟು ಬೇಗ ಏರಿತು ಎಂಬುದನ್ನೂ ನೋಡುತ್ತಾರೆ. ಸ್ಕ್ಯಾನ್ ಆಗಿದ್ದರೆ ಕಾಗದದ ಜೊತೆ ಸಿ.ಡಿ.ಯನ್ನೂ ಕೇಳಿ ತನ್ನಿ. ಬಯಾಪ್ಸಿ ಮಾಡಿದ ಲ್ಯಾಬಿನಿಂದ ಸ್ಲೈಡು, ಬ್ಲಾಕು (ತೆಗೆದ ಚೂರನ್ನು ಇಟ್ಟಿರುವ ಗಾಜು, ಮೇಣದ ಗಟ್ಟಿ) ತರಿಸಿಕೊಂಡರೆ ಹೊಸ ಆಸ್ಪತ್ರೆಯವರು ತಾವೇ ಮತ್ತೊಮ್ಮೆ ಪರೀಕ್ಷಿಸಬಹುದು. ನುಂಗುವ ಮಾತ್ರೆಗಳನ್ನಂತೂ ಹಾಳೆಸಮೇತ ತನ್ನಿ. "ಪ್ರಾಸ್ಟೇಟ್ ಊತಕ್ಕೆ" ಎಂದು ಕೊಡುವ ಫಿನಾಸ್ಟರೈಡ್, ಡ್ಯುಟಾಸ್ಟರೈಡ್ ಮಾತ್ರೆಗಳನ್ನು ತಿಂಗಳುಗಟ್ಟಲೆ ತೆಗೆದುಕೊಂಡವರಲ್ಲಿ ಪಿಎಸ್‌ಎ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಅದು ಗೊತ್ತಿಲ್ಲದಿದ್ದರೆ 8 ಇರಬೇಕಾದದ್ದನ್ನು 4 ಎಂದು ಓದಿದಂತಾಗುತ್ತದೆ. ರಕ್ತ ತೆಳುವಾಗುವ ಮಾತ್ರೆ ಇದ್ದರೆ ಅದನ್ನೂ ತೋರಿಸಿ.

ರೇಷನ್ ಕಾರ್ಡ್, ಆಧಾರ್ ಮರೆಯಬೇಡಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ರೆಫರಲ್ ಪತ್ರ ಬೇಕೇ ಎಂದು ಹೊರಡುವ ಮೊದಲೇ ಕೋಲಾರದ ನಮ್ಮ ಜಿಲ್ಲಾ ಆಸ್ಪತ್ರೆ ಎಸ್‌ಎನ್‌ಆರ್‌ನಲ್ಲಿ ವಿಚಾರಿಸಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ ಸಾಲಿನಲ್ಲಿ ನಿಂತ ಮೇಲೆ ಕಾಗದಕ್ಕಾಗಿ ಕೋಲಾರಕ್ಕೆ ವಾಪಸ್ ಬರುವ ಕಷ್ಟ ಯಾರಿಗೂ ಬೇಡ.

ಕೋಣೆಯೊಳಗೆ ಗ್ಲೀಸನ್ ಸ್ಕೋರ್ ಎಂಬ ಮಾತು ಬರುತ್ತದೆ. ಕ್ಯಾನ್ಸರ್ ಎಷ್ಟು ಜೋರಿನದು ಎಂದು ಬಯಾಪ್ಸಿ ನೋಡಿ ಕೊಡುವ ಅಂಕ ಅದು. ಹತ್ತಕ್ಕೆ 6 ಅಂದರೆ ಅರ್ಧ ದಾಟಿತು ಎಂದು ಹೆದರಿ ಅತ್ತವರನ್ನು ನೋಡಿದ್ದೇನೆ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಬರೆಯುವಾಗ ಸಾಮಾನ್ಯವಾಗಿ ಲೆಕ್ಕ ಶುರುವಾಗುವುದೇ 6ರಿಂದ. ಅದು ಎಲ್ಲಕ್ಕಿಂತ ನಿಧಾನದ್ದು. ಅಂಥವರಿಗೆ ಆಪರೇಷನ್ ಮಾಡದೆ, ಪಿಎಸ್‌ಎ, ಸ್ಕ್ಯಾನ್, ಬಯಾಪ್ಸಿ ಮಾಡಿಸುತ್ತಾ ಕಣ್ಣಿಟ್ಟಿರುವುದೂ ಒಪ್ಪಿತ ದಾರಿ. ಬ್ರಿಟನ್ನಿನಲ್ಲಿ, ಗ್ರಂಥಿ ಬಿಟ್ಟು ಹರಡದ ಕ್ಯಾನ್ಸರ್ ಇದ್ದ 1,643 ಗಂಡಸರನ್ನು ಸುಮಾರು 15 ವರ್ಷ ಗಮನಿಸಿದರು. ಕಣ್ಣಿಟ್ಟು ಕಾದವರು, ಆಪರೇಷನ್ ಆದವರು, ರೇಡಿಯೇಷನ್ ಪಡೆದವರು, ಮೂರೂ ಗುಂಪಿನಲ್ಲಿ ಈ ಕ್ಯಾನ್ಸರಿನಿಂದಲೇ ತೀರಿಕೊಂಡವರು ನೂರಕ್ಕೆ ಮೂರು ಮಂದಿಯ ಆಸುಪಾಸು. 2023ರಲ್ಲಿ ಇದು ಪ್ರಕಟವಾಯಿತು. ಆದ್ದರಿಂದ ಹರಡಿಲ್ಲ ಎಂದಾದರೆ "ಕೆಲವು ವಾರ ಯೋಚಿಸಿ ಹೇಳಬಹುದಾ? ಸರ್ಜನ್ನರ ಜೊತೆ ರೇಡಿಯೇಷನ್ ಡಾಕ್ಟರನ್ನೂ ನೋಡಬಹುದಾ?" ಎಂದು ಧೈರ್ಯವಾಗಿ ಕೇಳಿ. ಯೋಚಿಸಲು ಸಮಯವಿದೆ ಅಂದೆ ಅಂತ, ರೇಷ್ಮೆಹುಳು ಹಣ್ಣಾಗುವ ವಾರ, ಚಂದ್ರಿಕೆಗೆ ಬಿಡಬೇಕು ಎಂದು ಮೊದಲ ಭೇಟಿಯನ್ನೇ ಮುಂದೂಡಬೇಡಿ. ಹರಡಿದೆಯೋ ಇಲ್ಲವೋ ಗೊತ್ತಾಗುವುದೇ ಅಲ್ಲಿ.

ಹರಡಿದ್ದರೂ ದಾರಿ ಮುಚ್ಚಿಲ್ಲ. ಗಂಡಸಿನ ಹಾರ್ಮೋನು ತಗ್ಗಿಸಿದರೆ ಈ ಕ್ಯಾನ್ಸರ್ ಕುಗ್ಗುತ್ತದೆ ಎಂದು 1941ರಲ್ಲಿ ತೋರಿಸಿದವರು ಅಮೆರಿಕದ ಸರ್ಜನ್ ಚಾರ್ಲ್ಸ್ ಹಗಿನ್ಸ್. ಅವರಿಗೆ 1966ರಲ್ಲಿ ನೊಬೆಲ್ ಬಂತು. ಇವತ್ತಿನ ಇಂಜೆಕ್ಷನ್‌ಗಳು ಮಾಡುವುದೂ ಅದನ್ನೇ. ಆ ಇಂಜೆಕ್ಷನ್ ಪಡೆದ ಹಲವರಿಗೆ ಮೈಯೆಲ್ಲ ಝಳ ಹತ್ತಿ ಬೆವರುತ್ತದೆ, ಮುಟ್ಟು ನಿಲ್ಲುವ ಕಾಲದಲ್ಲಿ ನಮಗಾಗುತ್ತಲ್ಲ, ಹಾಗೆ. ಆಗ ಅವರನ್ನು ಅರ್ಥ ಮಾಡಿಕೊಳ್ಳಲು ನಿಮ್ಮಷ್ಟು ತಕ್ಕವರು ಮನೆಯಲ್ಲಿ ಬೇರೆ ಯಾರಿದ್ದಾರೆ?

ಒಂದು ಪ್ರಶ್ನೆ ಮಗನ ಎದುರು ಬಾಯಿಗೆ ಬರುವುದಿಲ್ಲ: ಚಿಕಿತ್ಸೆಯಾದ ಮೇಲೆ ಗಂಡಹೆಂಡತಿ ಸಂಬಂಧ ಏನಾಗುತ್ತದೆ, ಮೂತ್ರ ತಾನಾಗಿ ಸೋರುತ್ತದೆಯೇ? ಎರಡೂ ಆಗಬಹುದು. ಸೋರುವುದು ಬಹಳ ಜನರಲ್ಲಿ ತಿಂಗಳುಗಳು ಕಳೆದಂತೆ ಕಡಿಮೆಯಾಗುತ್ತದೆ, ಅದಕ್ಕೆ ವ್ಯಾಯಾಮಗಳಿವೆ. ಸಂಬಂಧದ ತೊಂದರೆಗೂ ಔಷಧಿಗಳಿವೆ. ಮಗನನ್ನು ಎರಡು ನಿಮಿಷ ಹೊರಗೆ ಕಳಿಸಿ ಕೇಳಿ. ಇದು ನಾಚಿಕೆಯ ಪ್ರಶ್ನೆಯಲ್ಲ. ಯಾವ ಚಿಕಿತ್ಸೆ ಆರಿಸಬೇಕು ಎಂಬುದರಲ್ಲಿ ಇದಕ್ಕೂ ಪಾಲಿದೆ.

"ಅವರಿಗೆ ಕ್ಯಾನ್ಸರ್ ಅಂತ ಹೇಳಬೇಡಿ ಸಾರ್" ಎಂದು ಡಾಕ್ಟರಿಗೆ ಸನ್ನೆ ಮಾಡುವವರಿಗೆ ನನ್ನದೊಂದು ಬೇಡಿಕೆ. ಹೊರಡುವ ಹಿಂದಿನ ದಿನವೇ ನೀವೇ ಅವರಿಗೆ ಹೇಳಿ. ತಮ್ಮ ಮೈಗೆ ಏನಾಗಲಿದೆ ಎಂದು ತೀರ್ಮಾನಿಸಬೇಕಾದವರು ಅವರು.

ನನ್ನ ಮಾತು ಇಷ್ಟೇ. ಏನಾದರೂ ಕೇಳುವುದಿದ್ದರೆ ಈಗ ಕೇಳಿ. ಎಲ್ಲರೆದುರು ಸಂಕೋಚವಾದರೆ ಊಟದ ಹೊತ್ತಿನಲ್ಲಿ ಅಡುಗೆಯ ಕಡೆ ಬನ್ನಿ, ಅಲ್ಲೇ ಇರುತ್ತೇನೆ. ರಿಪೋರ್ಟ್ ತಂದಿರುವವರು ಅದನ್ನೂ ತನ್ನಿ, ಕೂತು ಓದೋಣ.